ಕೆನಡಾದಲ್ಲಿ ಇಂಡಿಜಿನಸ್ ಸ್ಟಡೀಸ್ ಪದವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿಸಿ ಕರ್ನಾಟಕದಿಂದ ಹೊರಡುವವರು ಮತ್ತು ಬ್ರಾಂಪ್ಟನ್, ಕ್ಯಾಲ್ಗರಿ, ವ್ಯಾಂಕೂವರ್‌ಗಳಲ್ಲಿ ಬೆಳೆದ ಕನ್ನಡ ಮನೆಗಳ ಮಕ್ಕಳು, ಇಬ್ಬರ ಪ್ರಶ್ನೆಗಳೂ ಇಲ್ಲಿವೆ. ವೀಸಾ, ಶುಲ್ಕದ ನಿಯಮಗಳು ಬೇಗ ಬದಲಾಗುತ್ತವೆ. ಹಣ ಕಟ್ಟುವ ಮೊದಲು ಆಯಾ ವಿಶ್ವವಿದ್ಯಾಲಯದ ಮತ್ತು ಕೆನಡಾ ವಲಸೆ ಇಲಾಖೆಯ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

ಈ ಪದವಿಯಲ್ಲಿ ಓದುವುದಾದರೂ ಏನು?

ಯುರೋಪಿನವರು ಬರುವ ಮೊದಲಿನಿಂದಲೂ ಕೆನಡಾದಲ್ಲಿರುವ ಮೂಲನಿವಾಸಿ (ಇಂಡಿಜಿನಸ್) ಜನರ ಬಗ್ಗೆ; ಮುಖ್ಯವಾಗಿ ಅವರ ಭೂಮಿ, ಕಾನೂನು, ಭಾಷೆ. ಕುಣಿತ, ಕಸೂತಿ, ಜನಪದ ಕಥೆಗಳನ್ನು ನಿರೀಕ್ಷಿಸಿ ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲೇ ಕೈತುಂಬ ದಾಖಲೆಗಳು ಸಿಗುತ್ತವೆ: 1763ರ ರಾಜಘೋಷಣೆ, 1871ರಿಂದ 1921ರ ನಡುವೆ ಆದ 11 ಸಂಖ್ಯಾ ಒಪ್ಪಂದಗಳು (ಸರ್ಕಾರ ಮತ್ತು ಮೂಲನಿವಾಸಿಗಳ ನಡುವಿನ, 1ರಿಂದ 11ರವರೆಗೆ ಸಂಖ್ಯೆಯಿಂದಲೇ ಕರೆಯುವ ಒಪ್ಪಂದಗಳು), 1876ರ ಇಂಡಿಯನ್ ಆಕ್ಟ್ (ಇಲ್ಲಿ 'ಇಂಡಿಯನ್' ಎಂದರೆ ಭಾರತೀಯರಲ್ಲ, ಅಲ್ಲಿಯ ಮೂಲನಿವಾಸಿಗಳು), ಮೂಲನಿವಾಸಿ ಹಕ್ಕುಗಳನ್ನು ಗುರುತಿಸುವ 1982ರ ಸಂವಿಧಾನದ 35ನೇ ವಿಧಿ, ಸುಪ್ರೀಂ ಕೋರ್ಟಿನ ಕಾಲ್ಡರ್ (1973), ಡೆಲ್ಗಮೂಕ್ (1997), ಸಿಲ್ಕೋಟಿನ್ (2014) ತೀರ್ಪುಗಳು.

6ನೇ ಒಪ್ಪಂದವನ್ನೇ ನೋಡಿ. 1876ರಲ್ಲಿ ಫೋರ್ಟ್ ಕಾರ್ಲ್‌ಟನ್ ಮತ್ತು ಫೋರ್ಟ್ ಪಿಟ್‌ನಲ್ಲಿ ಕ್ರೀ ಎಂಬ ಮೂಲನಿವಾಸಿ ಜನರ ಮುಖಂಡರು ಮತ್ತಿತರರ ಜೊತೆ ಬ್ರಿಟಿಷ್ ರಾಣಿಯ ಪ್ರತಿನಿಧಿಗಳು ಮಾಡಿಕೊಂಡದ್ದು. ಇಂಗ್ಲಿಷ್ ಪಠ್ಯದ ಪ್ರಕಾರ ಆ ಜನ ತಮ್ಮ ನೆಲದ ಹಕ್ಕನ್ನೆಲ್ಲ ಒಪ್ಪಿಸಿಬಿಟ್ಟರು. ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದದ್ದೇ ಬೇರೆ: ನೇಗಿಲು ಇಳಿಯುವಷ್ಟು ಆಳದ ಮಣ್ಣನ್ನು ಹಂಚಿಕೊಳ್ಳಲು ಒಪ್ಪಿದೆವು, ನೆಲವನ್ನು ಮಾರಿಲ್ಲ. ಅದೇ ಒಪ್ಪಂದದಲ್ಲಿ ಒಂದು ಔಷಧಿ ಪೆಟ್ಟಿಗೆ ಇಟ್ಟಿರಬೇಕೆಂಬ ಸಾಲಿದೆ. ಇಂದು ಆರೋಗ್ಯ ಸೇವೆ ತಮ್ಮ ಒಪ್ಪಂದದ ಹಕ್ಕು ಎಂಬ ವಾದ ಆ ಸಾಲಿನ ಮೇಲೆ ನಿಂತಿದೆ. ತಲೆಗೆ ವರ್ಷಕ್ಕೆ 5 ಡಾಲರ್ ಎಂದು ಅಂದು ಬರೆದದ್ದನ್ನು ಇಂದಿಗೂ ಅಷ್ಟೇ ಕೊಡುತ್ತಾರೆ. ಕಾಗದದಲ್ಲಿ ಇರುವುದನ್ನೂ ಬಾಯಿಂದ ಬಾಯಿಗೆ ಬಂದದ್ದನ್ನೂ ಪಕ್ಕಪಕ್ಕ ಇಟ್ಟು, ಎರಡನ್ನೂ ಪುರಾವೆಯಾಗಿ ತೂಗಲು ಕಲಿಸುವುದೇ ಈ ಪದವಿಯ ತಿರುಳು. ಮೌಖಿಕ ಇತಿಹಾಸಕ್ಕೂ ಸಾಕ್ಷ್ಯದ ತೂಕ ಕೊಡಬೇಕೆಂದು ಡೆಲ್ಗಮೂಕ್ ತೀರ್ಪು ಹೇಳಿದ ಮೇಲೆ ಈ ಕೌಶಲಕ್ಕೆ ಕೋರ್ಟಿನಲ್ಲೂ ಬೆಲೆ ಇದೆ.

ಹಾಗಾದರೆ ಮಾನವಶಾಸ್ತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ?

ನೀವು ಬರೆದದ್ದಕ್ಕೆ ಯಾರಿಗೆ ಉತ್ತರ ಹೇಳಬೇಕು ಎಂಬಲ್ಲಿ ವ್ಯತ್ಯಾಸ. ಈ ವಿಭಾಗಗಳು ಬೆಳೆದದ್ದು 1960 ಮತ್ತು 70ರ ದಶಕದ ಚಳವಳಿಯ ಕಾವಿನಲ್ಲಿ. ಇಂಡಿಯನ್ ಆಕ್ಟಿನ ಜೊತೆಗೆ ಈ ಜನರ ಪ್ರತ್ಯೇಕ ಕಾನೂನು ಸ್ಥಾನವನ್ನೂ ತೆಗೆದುಹಾಕುವ ಶ್ವೇತಪತ್ರವನ್ನು ಸರ್ಕಾರ 1969ರಲ್ಲಿ ತಂದಾಗ ದೇಶದುದ್ದಕ್ಕೂ ವಿರೋಧ ಎದ್ದಿತು. 1972ರಲ್ಲಿ ನ್ಯಾಷನಲ್ ಇಂಡಿಯನ್ ಬ್ರದರ್‌ಹುಡ್ ಎಂಬ ಮೂಲನಿವಾಸಿ ಸಂಘಟನೆ ತಮ್ಮ ಮಕ್ಕಳ ಶಿಕ್ಷಣ ತಮ್ಮ ಹಿಡಿತದಲ್ಲೇ ಇರಬೇಕೆಂದು ನೀತಿಪತ್ರ ಹೊರಡಿಸಿತು. ಹಾಗಾಗಿ ಇಲ್ಲಿ ಸಮುದಾಯ ಅಧ್ಯಯನದ ವಸ್ತುವಾಗಿ ಕೂತಿರುವುದಿಲ್ಲ. ಪಾಠ ಮಾಡುವವರಲ್ಲಿ, ಪಠ್ಯ ಬರೆದವರಲ್ಲಿ, ನಿಮ್ಮ ಪ್ರಾಜೆಕ್ಟನ್ನು ಒಪ್ಪುವ ಅಥವಾ ಬೇಡ ಎನ್ನುವವರಲ್ಲಿ ಆ ಜನರೇ ಇರುತ್ತಾರೆ.

ಯಾವ ವಿಶ್ವವಿದ್ಯಾಲಯಗಳಲ್ಲಿ ಓದಬಹುದು?

ಒಂಟಾರಿಯೊದ ಪೀಟರ್‌ಬರೊದಲ್ಲಿರುವ ಟ್ರೆಂಟ್ ವಿಶ್ವವಿದ್ಯಾಲಯ ಕೆನಡಾದಲ್ಲೇ ಮೊದಲು, 1969ರಲ್ಲಿ, ಈ ವಿಷಯವನ್ನು ಶುರುಮಾಡಿತು. ಎಡ್ಮಂಟನ್‌ನ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಪ್ರತ್ಯೇಕ ಫ್ಯಾಕಲ್ಟಿ ಇದೆ. ಸಸ್ಕಾಟೂನ್‌ನ ಸಸ್ಕಾಚೆವಾನ್ ವಿಶ್ವವಿದ್ಯಾಲಯ, ವಿನಿಪೆಗ್‌ನ ಮ್ಯಾನಿಟೋಬಾ ವಿಶ್ವವಿದ್ಯಾಲಯ, ವ್ಯಾಂಕೂವರ್‌ನ ಯುಬಿಸಿ (ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ) ಇಲ್ಲೆಲ್ಲ ಮೇಜರ್ ಆಗಿ ಓದಬಹುದು. ರಿಜೈನಾದ ಫಸ್ಟ್ ನೇಷನ್ಸ್ ಯೂನಿವರ್ಸಿಟಿ ಆಫ್ ಕೆನಡಾ ಇವೆಲ್ಲಕ್ಕಿಂತ ಭಿನ್ನ. 1976ರಲ್ಲಿ ಕಾಲೇಜಾಗಿ ಹುಟ್ಟಿದ ಅದನ್ನು ನಡೆಸುವವರು ಫಸ್ಟ್ ನೇಷನ್ಸ್ ಜನರೇ (ಕ್ರೀ, ಅನಿಶಿನಾಬೆ ಮೊದಲಾದ ಮೂಲನಿವಾಸಿ ಸಮುದಾಯಗಳ ಒಟ್ಟು ಹೆಸರು ಇದು). ಪದವಿ ಪತ್ರ ಮಾತ್ರ ರಿಜೈನಾ ವಿಶ್ವವಿದ್ಯಾಲಯದ್ದು.

ರ‍್ಯಾಂಕಿಂಗ್ ಪಟ್ಟಿ ಹಿಡಿದು ಆರಿಸಬೇಡಿ. ಯಾವ ಜನರ ನೆಲ, ಯಾವ ಭಾಷೆ ಅಲ್ಲಿ ಕಲಿಸುತ್ತಾರೆ ಎಂದು ಮೊದಲು ನೋಡಿ. ಎಡ್ಮಂಟನ್, ಸಸ್ಕಾಟೂನ್‌ಗಳಲ್ಲಿ ಕ್ರೀ ಭಾಷೆ ಬಲವಾಗಿದೆ, ಟ್ರೆಂಟ್ ಅನಿಶಿನಾಬೆ ಜನರ ನೆಲ, ಯುಬಿಸಿ ಮಸ್ಕ್ವಿಯಮ್ ಜನರ ನೆಲ. ನಾಲ್ಕು ವರ್ಷ ನಿಮ್ಮ ಓದು ಆ ನೆಲದ ಸುತ್ತಲೇ ಸುತ್ತುತ್ತದೆ.

ನಾವು ಅಲ್ಲಿಯವರಲ್ಲ. ನಮ್ಮನ್ನು ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳುತ್ತಾರೆ, ಯಾರು ಬೇಕಾದರೂ ಓದಬಹುದು. ವಿನಿಪೆಗ್ ಮತ್ತು ಲೇಕ್‌ಹೆಡ್ ವಿಶ್ವವಿದ್ಯಾಲಯಗಳಂತೂ 2016ರಿಂದ ಎಲ್ಲ ಪದವಿ ವಿದ್ಯಾರ್ಥಿಗಳೂ ಈ ವಿಷಯದ ಒಂದು ಕೋರ್ಸಾದರೂ ಓದಲೇಬೇಕು ಎಂದು ಮಾಡಿವೆ.

ಭಾರತದಿಂದ ಬಂದವರು ತರಗತಿಯಲ್ಲಿ ಬೇಗ ಹೇಳಿಬಿಡುವ ಮಾತೊಂದಿದೆ: ನಮ್ಮನ್ನೂ ಬ್ರಿಟಿಷರು ಆಳಿದರು, ನಮಗೂ ಅದೇ ನೋವು. ಮೊದಲ ಅರ್ಧ ನಿಜ. ಆದರೆ ನಮ್ಮಲ್ಲಿ ಬ್ರಿಟಿಷರು ಹೊರಟುಹೋದರು. ಅಲ್ಲಿ ಬಂದವರು ನೆಲೆಸಿದರು, ಈಗ ನಾವೂ ಅಲ್ಲಿ ನೆಲೆಸಲು ಹೊರಟವರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದರೆ ಚರ್ಚೆ ಮುಂದಕ್ಕೆ ಹೋಗುತ್ತದೆ. ಹಾಗೆಯೇ ಕ್ರೀ ಸಹಪಾಠಿಯೊಬ್ಬರನ್ನು ಹಿಡಿದು 'ನಿಮ್ಮ ಜನ ಇದಕ್ಕೆ ಏನನ್ನುತ್ತಾರೆ' ಎಂದು ಕೇಳಬೇಡಿ. ಅವರು ಅಲ್ಲಿಗೆ ಬಂದಿರುವುದು ನಿಮ್ಮಂತೆಯೇ ಓದಲು.

ಅರ್ಜಿಯಲ್ಲಿ 'ಇಂಡಿಜಿನಸ್' ಎಂಬ ಚೌಕ ಇರುತ್ತದೆ. ನಾನು ಪರಿಶಿಷ್ಟ ಪಂಗಡದವನು, ಟಿಕ್ ಮಾಡಬಹುದೇ?

ಬೇಡ. ಆ ಚೌಕ ಇರುವುದು 35ನೇ ವಿಧಿ ಗುರುತಿಸುವ ಫಸ್ಟ್ ನೇಷನ್ಸ್, ಮೆಟೀ (ಮೂಲನಿವಾಸಿ ಮತ್ತು ಯುರೋಪಿಯನ್ ವಂಶ ಬೆರೆತು ರೂಪುಗೊಂಡ ಜನ), ಇನುಯಿಟ್ (ಉತ್ತರ ಧ್ರುವದ ಕಡೆಯ ಜನ) ಇವರಿಗಾಗಿ. ನೀವು ಜೇನು ಕುರುಬರೋ ಸೋಲಿಗರೋ ಆಗಿದ್ದರೂ ಆ ಮೀಸಲು ಸೀಟು, ವಿದ್ಯಾರ್ಥಿವೇತನ ನಿಮಗೆ ಅನ್ವಯಿಸುವುದಿಲ್ಲ. ಸುಳ್ಳು ಗುರುತು ಹೇಳಿಕೊಂಡವರ ಪ್ರಕರಣಗಳು ಬಯಲಾದ ಮೇಲೆ ಅನೇಕ ವಿಶ್ವವಿದ್ಯಾಲಯಗಳು ಈಗ ದಾಖಲೆ ಕೇಳುತ್ತವೆ. ತಪ್ಪಾಗಿ ಟಿಕ್ ಮಾಡಿದರೆ ಸೀಟು ಹೋಗುವಷ್ಟು ತೊಂದರೆ ಆಗಬಹುದು. ನಿಮ್ಮ ಹಿನ್ನೆಲೆಯನ್ನು ಹೇಳಿಕೊಳ್ಳುವ ಜಾಗ ಉದ್ದೇಶ ಪತ್ರ. ಅಲ್ಲಿ ಧಾರಾಳವಾಗಿ ಬರೆಯಿರಿ, ಅದಕ್ಕೆ ತೂಕವೂ ಇದೆ.

ಇನ್ನೊಂದು ಗೊಂದಲ: ಕೆನಡಾದ ಕಾನೂನಿನಲ್ಲಿ 'ಇಂಡಿಯನ್' ಎಂದರೆ ಇಂಡಿಯನ್ ಆಕ್ಟಿನಡಿ ನೋಂದಾಯಿತರಾದ ಫಸ್ಟ್ ನೇಷನ್ಸ್ ಜನ, ಭಾರತೀಯರಲ್ಲ. ಫಾರಂನಲ್ಲಿ 'ಸ್ಟೇಟಸ್ ಇಂಡಿಯನ್' ಕಂಡರೆ ಮುಂದಕ್ಕೆ ಹೋಗಿ.

ಪಿಯುಸಿಯಲ್ಲಿ ಯಾವ ವಿಭಾಗ ಓದಿರಬೇಕು? ಅರ್ಜಿ ಹೇಗೆ?

ಕಲಾ, ವಾಣಿಜ್ಯ, ವಿಜ್ಞಾನ ಯಾವುದಾದರೂ ಆಗುತ್ತದೆ. ಇಂಗ್ಲಿಷ್ ಅಂಕ ಮಾತ್ರ ಮುಖ್ಯ. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಸಾಮಾನ್ಯವಾಗಿ ಒಟ್ಟು 6.5 ಕೇಳುತ್ತಾರೆ, ಪ್ರತಿ ವಿಭಾಗದ ಕನಿಷ್ಠ ಅಂಕ ಒಂದೊಂದು ಕಡೆ ಒಂದೊಂದು. ಒಂಟಾರಿಯೊದ ವಿಶ್ವವಿದ್ಯಾಲಯಗಳಿಗೆ ಒಯುಎಸಿ, ಬ್ರಿಟಿಷ್ ಕೊಲಂಬಿಯಾಕ್ಕೆ ಎಜುಕೇಶನ್ ಪ್ಲಾನರ್ ಬಿಸಿ ಎಂಬ ಅರ್ಜಿ ಜಾಲತಾಣಗಳ ಮೂಲಕ ಅರ್ಜಿ; ಉಳಿದ ಕಡೆ ಹೆಚ್ಚಾಗಿ ನೇರವಾಗಿ.

ನಮ್ಮವರಿಗೆ ಎಡವಟ್ಟಾಗುವುದು ಸಮಯದಲ್ಲಿ. ಸೆಪ್ಟೆಂಬರ್ ತರಗತಿಗೆ ಅರ್ಜಿಯ ಕಡೆಯ ದಿನ ಬಹುತೇಕ ಜನವರಿಯಿಂದ ಮಾರ್ಚ್ ಒಳಗೆ ಬರುತ್ತದೆ, ನಮ್ಮ ದ್ವಿತೀಯ ಪಿಯುಸಿ ಫಲಿತಾಂಶ ಬರುವುದು ಅದಾದ ಮೇಲೆ. ಆದ್ದರಿಂದ ಪ್ರಥಮ ಪಿಯುಸಿ ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಕಾಲೇಜಿನಿಂದ ನಿರೀಕ್ಷಿತ ಅಂಕಗಳ ಪತ್ರವನ್ನು ಪ್ರಾಂಶುಪಾಲರ ಸಹಿ, ಮೊಹರಿನೊಂದಿಗೆ ನವೆಂಬರ್‌ನಲ್ಲೇ ಸಿದ್ಧ ಮಾಡಿಟ್ಟುಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನಿಷಿಯಲ್ ಜೊತೆ ಇನ್ನೊಂದು ಹೆಸರು ಇದ್ದರೆ ಈಗಲೇ ಅಫಿಡವಿಟ್ ಮಾಡಿಸಿ.

ಖರ್ಚು ಎಷ್ಟು? ವೀಸಾಕ್ಕೆ ಏನೇನು ಬೇಕು?

ಅಂತರರಾಷ್ಟ್ರೀಯ ವಿದ್ಯಾರ್ಥಿಗೆ ವರ್ಷದ ಬೋಧನಾ ಶುಲ್ಕ 20 ಸಾವಿರ ಚಿಲ್ಲರೆ ಕೆನಡಿಯನ್ ಡಾಲರ್‌ನಿಂದ 50 ಸಾವಿರದ ಆಸುಪಾಸಿನವರೆಗೂ ಇದೆ. ದೊಡ್ಡ ನಗರದ ದೊಡ್ಡ ಹೆಸರಿನ ಕಡೆ ದುಬಾರಿ, ಸಸ್ಕಾಚೆವಾನ್ ಕಡೆ ಕಡಿಮೆ. ಅಲ್ಲಿಯ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಇದರ ಒಂದು ಭಾಗದಷ್ಟೇ.

ಸ್ಟಡಿ ಪರ್ಮಿಟ್ ಅರ್ಜಿಗೆ 150 ಡಾಲರ್, ಬೆರಳಚ್ಚಿಗೆ 85 ಡಾಲರ್. 2024ರ ಜನವರಿಯಿಂದ ಪದವಿ ವಿದ್ಯಾರ್ಥಿಗಳಿಗೆ ಪ್ರಾಂತ್ಯದ ದೃಢೀಕರಣ ಪತ್ರವೂ ಬೇಕು; ಪ್ರವೇಶ ಖಚಿತಪಡಿಸಿ ಮುಂಗಡ ಕಟ್ಟಿದ ಮೇಲೆ ಅದನ್ನು ವಿಶ್ವವಿದ್ಯಾಲಯವೇ ತರಿಸಿಕೊಡುತ್ತದೆ. 2025ರ ಸೆಪ್ಟೆಂಬರ್ 1ರಿಂದ ಮೊದಲ ವರ್ಷದ ಶುಲ್ಕ ಮತ್ತು ಪ್ರಯಾಣ ಖರ್ಚಿನ ಮೇಲೆ 22,895 ಡಾಲರ್ ಜೀವನ ವೆಚ್ಚಕ್ಕೆ ಇದೆ ಎಂದು ತೋರಿಸಬೇಕು. ಅರ್ಜಿಗೆ ವಾರ ಮುಂಚೆ ಖಾತೆಗೆ ದಿಢೀರನೆ ಬಂದು ಬಿದ್ದ ಹಣವನ್ನು ಅಧಿಕಾರಿಗಳು ನಂಬುವುದಿಲ್ಲ, ಅದರ ಮೂಲ ಕೇಳುತ್ತಾರೆ.

ಭಾರತ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ. ಮೊದಲ ಪದವಿಗೆ ಸಿಗುವುದಿಲ್ಲ. ಇದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ನಾಲ್ಕು ವರ್ಷದ ಓದು ಹೇಗೆ ಹಂಚಿರುತ್ತದೆ?

ಬಹುತೇಕ ಕಡೆ ಪದವಿಗೆ 120 ಕ್ರೆಡಿಟ್, ಒಂದು ಕೋರ್ಸಿಗೆ 3. ಅಂದರೆ ಸೆಮಿಸ್ಟರಿಗೆ 5 ಕೋರ್ಸ್, ವರ್ಷಕ್ಕೆ 10. ಮೊದಲ ವರ್ಷ ಪರಿಚಯದ ಕೋರ್ಸುಗಳ ಜೊತೆ ಇಂಗ್ಲಿಷ್, ಇತಿಹಾಸ ಇತ್ಯಾದಿ. ಎರಡನೇ ವರ್ಷ ಭಾಷೆ ಮತ್ತು ಸಂಶೋಧನಾ ವಿಧಾನ. ಮೂರು, ನಾಲ್ಕನೇ ವರ್ಷ ಒಪ್ಪಂದ, ಆಡಳಿತ, ಮಹಿಳೆಯರು, ಕಲೆ, ಪರಿಸರ ಎಂದು ಕವಲೊಡೆಯುತ್ತದೆ. ಹಲವು ಕಡೆ ಸಮುದಾಯ ಸಂಸ್ಥೆಯೊಂದರಲ್ಲಿ ಪ್ರಾಯೋಗಿಕ ಕೆಲಸವೂ ಇರುತ್ತದೆ. ಮೊದಲ ಸೆಮಿಸ್ಟರಿಗೆ 5ರ ಬದಲು 4 ಕೋರ್ಸ್ ತೆಗೆದುಕೊಂಡರೆ ಉಸಿರಾಡಲು ಸಮಯ ಸಿಗುತ್ತದೆ. ಓದುವ ಪುಟಗಳು ಅಷ್ಟಿರುತ್ತವೆ. ಸ್ಟಡಿ ಪರ್ಮಿಟ್‌ಗೆ ಬೇಕಾದ ಪೂರ್ಣಾವಧಿ ಮಿತಿಗಿಂತ ಕೆಳಗೆ ಮಾತ್ರ ಇಳಿಯಬೇಡಿ.

ಭಾಷೆ ಕಲಿಯಲೇಬೇಕೆ? ಕಷ್ಟವೇ?

ಕೆಲವು ಕಡೆ ಕಡ್ಡಾಯ, ಕೆಲವು ಕಡೆ ಐಚ್ಛಿಕ. ಐಚ್ಛಿಕವಾಗಿದ್ದರೂ ತೆಗೆದುಕೊಳ್ಳಿ ಎಂದೇ ನಾವು ಹೇಳುತ್ತೇವೆ. 2021ರ ಜನಗಣತಿಯಲ್ಲಿ 70ಕ್ಕೂ ಹೆಚ್ಚು ಮೂಲನಿವಾಸಿ ಭಾಷೆಗಳು ದಾಖಲಾಗಿವೆ. ಬಹುಪಾಲು ಭಾಷೆಗಳನ್ನು ಆಡುವವರು ತೀರ ಕಡಿಮೆ. ಭಾಷೆ ಬಿಟ್ಟು ಓದಿದರೆ ಉಳಿದದ್ದೆಲ್ಲ ಅನುವಾದದ ಮೂಲಕವೇ ಬರುತ್ತದೆ.

ಬಯಲು ಸೀಮೆಯ ಕ್ರೀ ಭಾಷೆ ಕನ್ನಡಿಗರಿಗೆ ಒಂದು ವಿಷಯದಲ್ಲಿ ಸಲೀಸು. ಅಲ್ಲಿ ಹ್ರಸ್ವ ದೀರ್ಘ ಅರ್ಥವನ್ನೇ ಬದಲಿಸುತ್ತದೆ: 'ನಿಪಿಯ್' ಎಂದರೆ ನೀರು, 'ನೀಪಿಯ್' ಎಂದರೆ ಎಲೆ. ಇಂಗ್ಲಿಷಿನಲ್ಲೇ ಬೆಳೆದವರ ಕಿವಿಗೆ ಈ ವ್ಯತ್ಯಾಸ ಬೀಳಲು ವಾರಗಳು ಹಿಡಿಯುತ್ತವೆ, ನಮಗೆ ಅದು ಮೊದಲ ದಿನವೇ ಕೇಳಿಸುತ್ತದೆ. ಆದರೆ ರೋಮನ್ ಲಿಪಿಯಲ್ಲಿ ಬರೆಯುವಾಗ ದೀರ್ಘ ಸ್ವರದ ಮೇಲೆ ಟೋಪಿಯಂಥ ಗುರುತು ಹಾಕದೆ ನಮ್ಮವರೂ ಅಂಕ ಕಳೆದುಕೊಳ್ಳುತ್ತಾರೆ. ಮೊಬೈಲ್, ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಆ ಕೀಬೋರ್ಡ್ ಹಾಕಿಕೊಳ್ಳಿ. ಕೇಳುಗನನ್ನು ಸೇರಿಸಿಕೊಂಡ 'ನಾವು' (ಕಿಯಾನವ್) ಮತ್ತು ಬಿಟ್ಟ 'ನಾವು' (ನಿಯನಾನ್) ಎಂದು ಎರಡಿವೆ. ಮನೆಯಲ್ಲಿ ತುಳು ಆಡುವವರಿಗೆ 'ನಮ', 'ಎಂಕುಳು' ಗೊತ್ತಿರುವುದರಿಂದ ಇದು ತಟ್ಟನೆ ಹತ್ತುತ್ತದೆ.

ಕಷ್ಟ ಇರುವುದು ಕ್ರಿಯಾಪದದಲ್ಲಿ. ನಾಮಪದಗಳು ಸಜೀವ, ನಿರ್ಜೀವ ಎಂದು ಎರಡು ಗುಂಪು. ಕಲ್ಲು ಸಜೀವ ಗುಂಪಿಗೆ ಸೇರುತ್ತದೆ. 'ನೋಡು' ಎಂಬ ಕ್ರಿಯಾಪದ ಕೂಡ ನೋಡುವ ವಸ್ತು ಯಾವ ಗುಂಪಿನದು ಎಂಬುದರ ಮೇಲೆ ಬದಲಾಗುತ್ತದೆ. ಆದ್ದರಿಂದ ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ, ಗುಂಪಿನ ಸಮೇತ ಬರೆದುಕೊಳ್ಳಿ. ವಾರಕ್ಕೊಮ್ಮೆ ಮೂರು ತಾಸು ಕೂತು ಓದುವುದಕ್ಕಿಂತ ದಿನಾ 20 ನಿಮಿಷ ಗಟ್ಟಿಯಾಗಿ ಹೇಳಿಕೊಂಡರೆ ನಿಲ್ಲುತ್ತದೆ.

ಹಿರಿಯರನ್ನು ಭೇಟಿಯಾಗಲು ಹೋಗುವಾಗ ತಂಬಾಕು ಕೊಡಬೇಕಂತೆ, ಹೌದೇ?

ಕ್ರೀ, ಅನಿಶಿನಾಬೆ ಮೊದಲಾದ ಅನೇಕ ಜನರಲ್ಲಿ ಹೌದು. ತಂಬಾಕು ಅಲ್ಲಿ ಪವಿತ್ರ ಗಿಡ. ಜ್ಞಾನವನ್ನು ಕೇಳುವ ಮೊದಲು ಅದನ್ನು ಅರ್ಪಿಸುತ್ತಾರೆ. ಒಂದು ಚೌಕ ಹತ್ತಿ ಬಟ್ಟೆಯ ನಡುವೆ ಬಿಡಿ ತಂಬಾಕು ಒಂದು ಹಿಡಿಯಷ್ಟು ಇಟ್ಟು, ಅಂಚು ಕೂಡಿಸಿ ರಿಬ್ಬನ್ನಿನಿಂದ ಗಂಟು ಕಟ್ಟುತ್ತಾರೆ. ಎದುರು ಕೂತು, ನೀವು ಯಾರು, ಎಲ್ಲಿಂದ ಬಂದಿರಿ, ಏನು ಕೇಳಲು ಬಂದಿರಿ ಎಂದು ಹೇಳಿ ಮುಂದೆ ಹಿಡಿಯಬೇಕು. ಅವರು ಕೈಗೆ ತೆಗೆದುಕೊಂಡರೆ ಒಪ್ಪಿದಂತೆ. ತೆಗೆದುಕೊಳ್ಳದಿದ್ದರೆ ವಾದ ಮಾಡದೆ, ಧನ್ಯವಾದ ಹೇಳಿ ಎದ್ದು ಬನ್ನಿ. ಮಾತೆಲ್ಲ ಮುಗಿದ ಮೇಲೆ ಕೊಡುವುದು, ತರಗತಿಯ ಕೊನೆಗೆ ಮೇಜಿನ ಮೇಲೆ ಇಟ್ಟು ಹೋಗುವುದು ಸಾಮಾನ್ಯ ತಪ್ಪುಗಳು.

ಎಲ್ಲರಿಗೂ ಇದೇ ನಿಯಮ ಎಂದುಕೊಳ್ಳಬೇಡಿ. ಇನುಯಿಟ್ ಜನರಲ್ಲಿ ಈ ಪದ್ಧತಿ ಇಲ್ಲ. ಪಶ್ಚಿಮ ಕರಾವಳಿಯ ರೀತಿ ಬೇರೆ. ಬೋಧಕರನ್ನೋ ವಿಶ್ವವಿದ್ಯಾಲಯದ ಮೂಲನಿವಾಸಿ ಕೇಂದ್ರದವರನ್ನೋ ಮೊದಲೇ ಕೇಳಿ. ತಂಬಾಕು ಕೊಟ್ಟ ಮಾತ್ರಕ್ಕೆ ಗೌರವಧನ ತಪ್ಪುವುದಿಲ್ಲ, ಅದು ಪ್ರತ್ಯೇಕ. ರೆಕಾರ್ಡ್ ಮಾಡಲು, ಬರೆದುಕೊಳ್ಳಲು ಅನುಮತಿ ಬೇಕು. ಕೆಲವು ಕಥೆಗಳನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವ ಕಟ್ಟಳೆ ಇರುವುದರಿಂದ ಬೇಸಿಗೆಯಲ್ಲಿ ಅವನ್ನು ಕೇಳಬಾರದು.

ಪ್ರಾಜೆಕ್ಟಿಗೆ ಸಮುದಾಯದವರ ಸಂದರ್ಶನ ಮಾಡಬಹುದೇ?

ಮಾಡಬಹುದು, ಆದರೆ ಒಂದು ಸೆಮಿಸ್ಟರಿನ ಕೋರ್ಸಿಗೆ ಈ ಯೋಜನೆ ಹಾಕಿಕೊಂಡವರು ಹೆಚ್ಚಾಗಿ ಅರ್ಧದಲ್ಲೇ ನಿಲ್ಲುತ್ತಾರೆ. ಮನುಷ್ಯರ ಮೇಲಿನ ಸಂಶೋಧನೆಗೆ ನೀತಿ ಸಮಿತಿಯ ಒಪ್ಪಿಗೆ ಬೇಕು. ಕೆನಡಾದ ಸಂಶೋಧನಾ ನೀತಿ ಸಂಹಿತೆಯ 9ನೇ ಅಧ್ಯಾಯ ಮೂಲನಿವಾಸಿ ಜನರಿಗೆಂದೇ ಇದೆ, ಅದರಂತೆ ಪ್ರಶ್ನೆಗಳನ್ನು ರೂಪಿಸುವ ಹಂತದಲ್ಲೇ ಸಮುದಾಯದವರು ಜೊತೆಗಿರಬೇಕು. ಸಮಿತಿಯ ಒಪ್ಪಿಗೆಗೇ ವಾರಗಟ್ಟಲೆ ಹಿಡಿಯುತ್ತದೆ, ಸೆಮಿಸ್ಟರ್ ಇರುವುದು 12–13 ವಾರ. ಇಂಥ ಕೆಲಸವನ್ನು ನಾಲ್ಕನೇ ವರ್ಷದ ಪೂರ್ಣ ವರ್ಷದ ಪ್ರಬಂಧಕ್ಕೆ ಇಟ್ಟುಕೊಳ್ಳಿ. ಎರಡನೇ ವರ್ಷದಲ್ಲೇ 'ಕೋರ್' ಎಂಬ ಉಚಿತ ಆನ್‌ಲೈನ್ ನೀತಿ ತರಬೇತಿ ಮುಗಿಸಿ ಪ್ರಮಾಣಪತ್ರ ಇಟ್ಟುಕೊಂಡಿರಿ.

ಸಂಗ್ರಹಿಸಿದ ಮಾಹಿತಿ ಯಾರದ್ದು ಎಂಬುದಕ್ಕೆ ಫಸ್ಟ್ ನೇಷನ್ಸ್ ರೂಪಿಸಿದ 'ಒಕ್ಯಾಪ್' ತತ್ವಗಳಿವೆ: ಒಡೆತನ, ನಿಯಂತ್ರಣ, ನೋಡುವ ಅವಕಾಶ, ವಶ. ನಾಲ್ಕೂ ಸಮುದಾಯದ ಕೈಯಲ್ಲಿರಬೇಕು. ಸಂದರ್ಶನದ ಕಡತವನ್ನು ನಿಮ್ಮ ಸ್ವಂತ ಡ್ರೈವ್‌ನಲ್ಲಿ ಇಟ್ಟುಕೊಂಡು ಮುಂದೆ ಯಾವಾಗಲೋ ಇನ್ನೊಂದು ಲೇಖನಕ್ಕೆ ಬಳಸುವುದು ಗಂಭೀರ ಉಲ್ಲಂಘನೆ.

ಪ್ರಬಂಧಗಳಲ್ಲಿ ಅಂಕ ಎಲ್ಲಿ ಹೋಗುತ್ತದೆ?

'ಮೂಲನಿವಾಸಿಗಳು ನಂಬುತ್ತಾರೆ' ಎಂದು ಶುರುವಾಗುವ ವಾಕ್ಯಗಳಲ್ಲಿ. 630ಕ್ಕೂ ಹೆಚ್ಚು ಫಸ್ಟ್ ನೇಷನ್ಸ್ ಸಮುದಾಯಗಳಿವೆ. ಮೆಟೀ, ಇನುಯಿಟ್ ಬೇರೆ. ಯಾವ ಜನ, ಯಾವ ಊರು, ಯಾವ ಕಾಲ ಎಂದು ಬರೆಯಿರಿ. ಭೂತಕಾಲದಲ್ಲಿ ಬರೆಯುವುದು ಇನ್ನೊಂದು ತಪ್ಪು: 'ಅವರು ಮೀನು ಹಿಡಿಯುತ್ತಿದ್ದರು' ಎಂದಾಗ ಬೋಧಕರು ಅಂಚಿನಲ್ಲಿ 'ಈಗಲೂ ಹಿಡಿಯುತ್ತಾರೆ' ಎಂದು ಗುರುತು ಹಾಕುತ್ತಾರೆ.

ಹಿರಿಯರ ಮಾತನ್ನು ಉಲ್ಲೇಖಿಸುವ ರೀತಿಯೂ ಮುಖ್ಯ. ಆಕರ ನಮೂದಿಸುವ ಎಪಿಎ ಪದ್ಧತಿಯ 'ವೈಯಕ್ತಿಕ ಮಾತುಕತೆ' ಎಂಬ ಲೇಬಲ್ ಹಾಕಿದರೆ ಅವರ ಹೆಸರು ಆಕರ ಪಟ್ಟಿಗೇ ಬರುವುದಿಲ್ಲ. ಎಡ್ಮಂಟನ್‌ನ ನಾರ್‌ಕ್ವೆಸ್ಟ್ ಕಾಲೇಜಿನಲ್ಲಿ ರೂಪುಗೊಂಡ ಮಾದರಿಯಲ್ಲಿ ಹಿರಿಯರ ಹೆಸರು, ಅವರ ಜನ, ಒಪ್ಪಂದದ ಪ್ರದೇಶ, ವಾಸದ ಊರು, ವಿಷಯ, ದಿನಾಂಕ ಎಲ್ಲವೂ ಪಟ್ಟಿಯಲ್ಲಿ ಪುಸ್ತಕದ ಸಾಲಿನಲ್ಲೇ ಬರುತ್ತವೆ. ಹಲವು ವಿಭಾಗಗಳು ಇದನ್ನೇ ಕೇಳುತ್ತವೆ.

ವಸತಿ ಶಾಲೆಗಳ ಬಗ್ಗೆ ಓದುವಾಗ ಮನಸ್ಸಿಗೆ ತುಂಬ ಭಾರವಾಗುತ್ತದಂತೆ?

ಆಗುತ್ತದೆ. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಸರ್ಕಾರ ಮತ್ತು ಚರ್ಚುಗಳು ನಡೆಸುತ್ತಿದ್ದ ಈ ಶಾಲೆಗಳಿಗೆ ಹಾಕಲಾಯಿತು. ಭಾಷೆ ಆಡಿದರೆ ಶಿಕ್ಷೆ, ಹಸಿವು, ರೋಗ, ದೌರ್ಜನ್ಯ. ಸಾವಿರಾರು ಮಕ್ಕಳು ಮನೆಗೆ ಮರಳಲಿಲ್ಲ. ಇದನ್ನು ವಿಚಾರಿಸಿದ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ 94 ಕರೆಗಳೊಂದಿಗೆ ವರದಿ ಮುಗಿಸಿತು. ಬದುಕುಳಿದವರ ಹೇಳಿಕೆಗಳನ್ನು ರಾತ್ರಿ ಒಬ್ಬರೇ ಕೂತು ಒಂದೇ ಸಮನೆ ಓದಬೇಡಿ. ಹಗಲು ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪ, ಜೊತೆಗೆ ಒಬ್ಬರಿದ್ದಾಗ ಓದಿ. ನಿಮ್ಮ ಪಕ್ಕದಲ್ಲಿ ಕೂತವರ ಅಜ್ಜಿ ಆ ಶಾಲೆಯಲ್ಲಿದ್ದಿರಬಹುದು ಎಂಬುದು ತರಗತಿಯಲ್ಲಿ ನೆನಪಿರಲಿ.

ಕರ್ನಾಟಕದ ಆದಿವಾಸಿಗಳೊಂದಿಗೆ ಹೋಲಿಸಿ ಬರೆಯಬಹುದೇ?

ಬರೆಯಬೇಕು, ಬೋಧಕರಿಗೂ ಅದು ಹೊಸದು. ಆದರೆ ಅಳತೆ ತಪ್ಪಬಾರದು. ಅಲ್ಲಿ ಒಪ್ಪಂದಗಳಿವೆ, ನಮ್ಮಲ್ಲಿ ಅಂಥ ಒಪ್ಪಂದಗಳಿಲ್ಲ. ನಮ್ಮಲ್ಲಿರುವುದು 2006ರ ಅರಣ್ಯ ಹಕ್ಕು ಕಾಯ್ದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದನ್ನು, ಸಿಲ್ಕೋಟಿನ್ ಜನರ ನೆಲದ ಹಕ್ಕನ್ನು ಒಪ್ಪಿದ ಸಿಲ್ಕೋಟಿನ್ ತೀರ್ಪಿನ ಜೊತೆ ಇಟ್ಟು ನೋಡಿದರೆ ಒಳ್ಳೆಯ ಪ್ರಬಂಧವಾಗುತ್ತದೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯಡಿ ಘೋಷಿಸಿದ ಬುಡಕಟ್ಟು ಪ್ರದೇಶವೇ ಇಲ್ಲ, ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ ಪೆಸಾ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಮರೆತು ಬರೆದರೆ ವಾದವೇ ಕುಸಿಯುತ್ತದೆ. ನಮ್ಮ ಆಶ್ರಮ ಶಾಲೆಗಳನ್ನು ಕೆನಡಾದ ವಸತಿ ಶಾಲೆಗಳಿಗೆ ಸಮ ಎನ್ನುವುದೂ ಸರಿಯಲ್ಲ. ಅಲ್ಲಿ 1920ರಲ್ಲಿ ಕಾನೂನು ತಿದ್ದಿ ಹಾಜರಾತಿಯನ್ನು ಕಡ್ಡಾಯ ಮಾಡಿದ್ದರು.

ಮೂಲನಿವಾಸಿ ಜನರ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆ ಘೋಷಣೆಯ ವಿಷಯವೂ ಹೀಗೆಯೇ ಸೂಕ್ಷ್ಮ. ಭಾರತ ಪರವಾಗಿ ಮತ ಹಾಕಿತು, ಆದರೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನು ಉಳಿಸಿಕೊಂಡಿತು. ಕೆನಡಾ ಅಂದು ವಿರೋಧಿಸಿ, 2021ರಲ್ಲಿ ಅದನ್ನು ಜಾರಿಗೆ ತರಲು ಕಾನೂನು ಮಾಡಿತು.

ಓದಿದ ಮೇಲೆ ಕೆಲಸ ಸಿಗುತ್ತದೆಯೇ?

ಗಣಿ, ಪೈಪ್‌ಲೈನ್, ಅಣೆಕಟ್ಟು ಯಾವುದಕ್ಕೇ ಆದರೂ ಹಕ್ಕುಗಳಿಗೆ ಧಕ್ಕೆಯಾಗುವಂತಿದ್ದರೆ ಸರ್ಕಾರ ಮೊದಲು ಆ ಜನರ ಜೊತೆ ಸಮಾಲೋಚಿಸಬೇಕು ಎಂದು 2004ರ ಹೈಡಾ ತೀರ್ಪು ಹೇಳಿದೆ. ಆ ಸಮಾಲೋಚನೆ, ಪರಿಸರ ಪರಿಣಾಮ ಅಧ್ಯಯನ, ದಾಖಲಾಗಾರ, ವಸ್ತುಸಂಗ್ರಹಾಲಯ, ಶಾಲೆ, ಸಮಾಜ ಕಾರ್ಯ, ಸರ್ಕಾರಿ ಇಲಾಖೆಗಳಲ್ಲಿ ಹುದ್ದೆಗಳಿವೆ. ಇವುಗಳಲ್ಲಿ ಅನೇಕಕ್ಕೆ ಮೂಲನಿವಾಸಿ ಅಭ್ಯರ್ಥಿಗಳಿಗೇ ಆದ್ಯತೆ, ಅದು ನ್ಯಾಯವೂ ಹೌದು. ಆದ್ದರಿಂದ ಹೊರಗಿನವರು ಕೈಯಲ್ಲಿ ಎರಡನೇ ವಿದ್ಯೆ ಇಟ್ಟುಕೊಳ್ಳಿ: ಭೂನಕ್ಷೆ ತಂತ್ರಾಂಶ, ಬಿ.ಎಡ್., ಗ್ರಂಥಾಲಯ ವಿಜ್ಞಾನ, ಯೋಜನೆ, ಕಾನೂನು. ವಿಕ್ಟೋರಿಯಾ ವಿಶ್ವವಿದ್ಯಾಲಯ 2018ರಿಂದ ಕೆನಡಾದ ಕಾನೂನು ಮತ್ತು ಮೂಲನಿವಾಸಿ ಜನರ ಕಾನೂನು ಎರಡನ್ನೂ ಸೇರಿಸಿದ ನಾಲ್ಕು ವರ್ಷದ ಜೋಡಿ ಪದವಿ ಕೊಡುತ್ತಿದೆ.

ಪದವಿಯ ನಂತರದ ಕೆಲಸದ ಪರ್ಮಿಟ್‌ಗೆ ಬ್ಯಾಚುಲರ್ ಪದವೀಧರರಿಗೆ ವಿಷಯದ ನಿರ್ಬಂಧ ಇಲ್ಲ, ಭಾಷಾ ಪರೀಕ್ಷೆ ಮಾತ್ರ ಇದೆ. ಅದಕ್ಕೆ ಐಇಎಲ್‌ಟಿಎಸ್ ಬರೆಯುವುದಾದರೆ ಜನರಲ್ ಟ್ರೈನಿಂಗ್ ಬೇಕು, ಪ್ರವೇಶಕ್ಕೆ ಬರೆದ ಅಕಾಡೆಮಿಕ್ ನಡೆಯುವುದಿಲ್ಲ. ಪ್ರತಿ ವಿಭಾಗದಲ್ಲೂ 6.0 ಬರಬೇಕು.

ಭಾರತದಲ್ಲೇ ಇದಕ್ಕೆ ಸಮೀಪದ ಓದು ಇದೆಯೇ?

ಮಧ್ಯಪ್ರದೇಶದ ಅಮರಕಂಟಕದಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಮೂಲಕ ಸೇರಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗ ಇದೆ, ಅಲ್ಲಿ ಸಂಶೋಧನೆಗೇ ಒತ್ತು. ನಿಮ್ಮ ಆಸಕ್ತಿ ನಾಗರಹೊಳೆ, ಬಿಳಿಗಿರಿ, ಕೊರಗರ ಹಾಡಿಗಳ ಮೇಲೇ ಇದ್ದರೆ ಇಲ್ಲಿ ಬಿ.ಎ. ಮುಗಿಸಿ ಮುಂದಿನ ಹಂತದಲ್ಲಿ ಹೊರಗೆ ಹೋಗುವುದು ಹಣಕ್ಕೂ ಓದಿಗೂ ಒಳ್ಳೆಯದು.

ಸೇರುವ ಮೊದಲು ಈ ವಿಷಯ ನನಗೆ ಹಿಡಿಸುತ್ತದೆಯೇ ಎಂದು ತಿಳಿಯುವುದು ಹೇಗೆ?

ಆಲ್ಬರ್ಟಾ ವಿಶ್ವವಿದ್ಯಾಲಯದ 'ಇಂಡಿಜಿನಸ್ ಕೆನಡಾ' ಎಂಬ 12 ಪಾಠಗಳ ಕೋರ್ಸ್ ಕೋರ್ಸೆರಾದಲ್ಲಿ ಇದೆ. ತುಪ್ಪಳದ ವ್ಯಾಪಾರದಿಂದ ಒಪ್ಪಂದ, ವಸತಿ ಶಾಲೆ, ಇಂದಿನ ಕಲೆಯವರೆಗೆ ಇಡೀ ಪದವಿಯ ನಕ್ಷೆ ಅದರಲ್ಲಿ ಸಿಗುತ್ತದೆ. ವಾರಕ್ಕೊಂದು ಪಾಠದಂತೆ ನೋಡಿ, ಪ್ರತಿ ಪಾಠದ ಮೇಲೆ ಒಂದು ಪುಟ ಇಂಗ್ಲಿಷಿನಲ್ಲಿ ಬರೆಯಿರಿ. ಮೂರು ತಿಂಗಳಲ್ಲಿ 12 ಪುಟ ಕೈಯಲ್ಲಿರುತ್ತದೆ. ಉದ್ದೇಶ ಪತ್ರದ ಕರಡು ಅದರಿಂದಲೇ ತೆಗೆಯಬಹುದು.